ನಲ್ಲಿಯಿಂದ ತಲಕಾವೇರಿಗೆ

ಕಾವೇರಿ ಸಮುದ್ರ ಸೇರುವ ಪೂಂಪುಹಾರಿನಿಂದ ಅವಳು ಹುಟ್ಟುವ ತಲಕಾವೇರಿಯವರೆಗೆ, ಹರಿವಿಗೆ ಎದುರಾಗಿ ಸೈಕಲ್ ತುಳಿಯಬೇಕು ಎಂಬುದು ನನ್ನ ಬಹುಕಾಲದ ಆಸೆ. ಈ ವರ್ಷದ ಬೇಸಿಗೆಯಲ್ಲಿ ಅದರ ಮೊದಲ ಭಾಗ ಮುಗಿದಿತ್ತು. ತಂಜಾವೂರಿನ ಗದ್ದೆಬಯಲು, ಕರಿಕಾಲ ಚೋಳನ ಹೆಸರಿನಲ್ಲಿರುವ ಕಲ್ಲಣೆ, ಶ್ರೀರಂಗದ ದ್ವೀಪ, ಈರೋಡು, 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟು ಎಲ್ಲವನ್ನೂ ಹಾದು ಹೊಗೇನಕಲ್ಲಿಗೆ ಬಂದಿದ್ದೆ. ಅಲ್ಲಿಂದ ಮೇಕೆದಾಟಿನವರೆಗೆ ನದಿ ಕಾವೇರಿ ವನ್ಯಜೀವಿಧಾಮದ ಕಾಡು, ಕಮರಿಗಳೊಳಗೆ ಹರಿಯುತ್ತದೆ, ಸೈಕಲ್ಲಿಗೆ ದಾರಿಯಿಲ್ಲ. ಹಾಗಾಗಿ ನದಿಯನ್ನು ಬಿಟ್ಟು ಧರ್ಮಪುರಿ, ಕೃಷ್ಣಗಿರಿ, ಹೊಸೂರಿನ ಮೇಲೆ ಬೆಂಗಳೂರಿಗೆ ಬಂದು ಬಸವನಗುಡಿಯ ನಮ್ಮ ಮನೆ ಸೇರಿದೆ. ಅಮ್ಮನಿಗೆ ಎರಡೂ ಕಣ್ಣಿನ ಪೊರೆ ತೆಗೆಸಬೇಕಿತ್ತು. ಒಂದು ಕಣ್ಣು ಮುಗಿದು ಇನ್ನೊಂದಾಗುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು.

ಹೊಸ ಕಣ್ಣಿನಲ್ಲಿ ಅಮ್ಮ ಮೊದಲು ಓದಿದ್ದು ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಜಲಾಶಯಗಳ ಮಟ್ಟವನ್ನು. ಆಮೇಲೆ ದಿನವೂ ಕೆ.ಆರ್.ಎಸ್. ಎಷ್ಟು ಅಡಿ ತುಂಬಿದೆ ಎಂದು ನನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ನಲ್ಲಿಯಲ್ಲಿ ನೀರು ಬಿಟ್ಟ ಬೆಳಿಗ್ಗೆ ಅಡುಗೆಮನೆಯಿಂದ "ಕಾವೇರಿ ಬಂತು" ಎಂದು ಕೂಗುತ್ತಿದ್ದಳು. ನದಿಯನ್ನು ಹೊಗೇನಕಲ್ಲಿನಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದ ನನಗೆ ಅವಳು ಮನೆಯೊಳಗೇ ಇದ್ದಾಳೆ ಎಂಬುದು ಹೊಳೆದದ್ದು ಆಗ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ, ಮೂರು ಹಂತಗಳಲ್ಲಿ ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ಪಂಪುಗಳು ತಳ್ಳಿದ ನೀರು ಅದು. 1974ರಲ್ಲಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು; ದಿನಕ್ಕೆ 77.5 ಕೋಟಿ ಲೀಟರ್ ತರುವ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಪಂಪುಮನೆಗಳಿರುವುದು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ. ಮೂರನ್ನೂ ಜೋಡಿಸುವುದು ಕನಕಪುರ ರಸ್ತೆ. ಮುಂದಿನ ಪಯಣವನ್ನು ಬಸ್ಸಿನಲ್ಲಿ ನದಿಯವರೆಗೆ ಹೋಗಿ ಶುರು ಮಾಡುವ ಯೋಚನೆಯನ್ನು ಅಂದೇ ಕೈಬಿಟ್ಟೆ. ನಮ್ಮ ಮನೆಯ ನಲ್ಲಿಯಿಂದಲೇ ಹೊರಟು, ಕೊಳವೆಯ ಗುಂಟ ನದಿಗೆ ಇಳಿದು, ಅಲ್ಲಿಂದ ಮೇಲಕ್ಕೆ ಹೋಗಬೇಕು.

ಬುಧವಾರ, ಬಸವನಗುಡಿ

ತಿಂಗಳುಗಟ್ಟಲೆ ನಿಂತ ಸೈಕಲ್ಲು ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಚೈನಿನ ಎಣ್ಣೆ ದೂಳು ಹೀರಿ ಗಟ್ಟಿಯಾಗಿರುತ್ತದೆ, ಬ್ರೇಕಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಗಾಂಧಿಬಜಾರಿನ ಆಚೆ ನಾನು ಕಣ್ಣುಮುಚ್ಚಿ ನಂಬುವ ಸೈಕಲ್ ಅಂಗಡಿಯೊಂದಿದೆ. ಅದರ ಯಜಮಾನರು ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಕೇಳಿದರು. ಸಡಿಲವಾದ ಕಡ್ಡಿಯ ಸದ್ದು ಬೇರೆ. "ಹೊರೆಯೆಲ್ಲ ಹಿಂದೆಯೇ ಕಟ್ಟುತ್ತೀರಿ ಮೇಡಂ, ಫ್ರೀವ್ಹೀಲ್ ಕಡೆಯ ಕಡ್ಡಿಗೇ ಏಟು ಬೀಳುವುದು" ಎಂದು ಸೋತಿದ್ದನ್ನು ತೆಗೆದು ಹೊಸದು ಹಾಕಿ, ಚಕ್ರದ ಬೆಂಡು ತೆಗೆದು, ಅದೇ ಅಳತೆಯ ಕಡ್ಡಿಗಳನ್ನು ಫ್ರೇಮಿಗೆ ಟೇಪು ಸುತ್ತಿ ಕಟ್ಟಿಕೊಟ್ಟರು. ಇಂಥವರ ಕೈ ಇಲ್ಲದೆ ಯಾರ ದೂರಪಯಣವೂ ಸಾಗುವುದಿಲ್ಲ.

ದೇಹಕ್ಕೂ ಇಷ್ಟೇ ಆರೈಕೆ ಬೇಕು. ಬಿಡುವಿನ ನಂತರ ಹೊರಡುವವರು ಕಾಲಿನ ಬಗ್ಗೆ ಯೋಚಿಸುತ್ತಾರೆ. ನಿಜವಾಗಿ ಅಭ್ಯಾಸ ತಪ್ಪಿರುವುದು ಸೀಟಿನ ಮೇಲೆ ಕೂರುವ ಮೂಳೆಗಳಿಗೆ ಮತ್ತು ಹ್ಯಾಂಡಲ್ ಹಿಡಿಯುವ ಅಂಗೈಗೆ. ದೀಪಾವಳಿಯ ನಂತರ ಬೆಳಿಗ್ಗೆ ಬೆಳಿಗ್ಗೆ ತುರಹಳ್ಳಿ ಕಾಡಿನವರೆಗೆ ಹೋಗಿ ಬರುತ್ತಿದ್ದೆ. ಕೊನೆಕೊನೆಗೆ ಚೀಲಗಳನ್ನೂ ಕಟ್ಟಿಕೊಂಡೇ ಹೋಗುತ್ತಿದ್ದೆ. ಹೊರೆ ಹೊತ್ತ ಸೈಕಲ್ಲು ತಿರುವಿನಲ್ಲಿ ಬೇರೆಯೇ ರೀತಿ ವಾಲುತ್ತದೆ, ಅದು ಕೈಗೆ ಮೊದಲೇ ಗೊತ್ತಿರಬೇಕು.

ಗುರುವಾರ, ಕನಕಪುರದವರೆಗೆ

ಕಡಲೆಕಾಯಿ ಪರಿಷೆ ಮುಗಿದ ವಾರ. ಬೆಳಗಿನ ಜಾವ ಬುಲ್ ಟೆಂಪಲ್ ರಸ್ತೆಗೆ ಬಂದಾಗ ಪೌರಕಾರ್ಮಿಕರು ಸಿಪ್ಪೆಯ ರಾಶಿಗಳನ್ನು ಗುಡಿಸಿ ಒಟ್ಟುತ್ತಿದ್ದರು. ಊರಿಗೆ ಹೊರಡದೆ ಉಳಿದ ವ್ಯಾಪಾರಿಗಳು ಟಾರ್ಪಾಲಿನ ಕೆಳಗೆ ಮೂಟೆಗಳಿಗೆ ಒರಗಿ ಮಲಗಿದ್ದರು. ದೊಡ್ಡ ಬಸವಣ್ಣನಿಗೆ ಹೊರಗಿನಿಂದಲೇ ಕೈಮುಗಿದೆ. ವೃಷಭಾವತಿ ಹುಟ್ಟುವುದು ಈ ಬಸವನ ಪಾದದಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಅವಳು ನಗರದ ಕೊಳಚೆ ಹೊತ್ತು, ಬೈರಮಂಗಲದ ಕೆರೆ ಹಾದು, ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನಾವು ಕೊಳವೆಯಲ್ಲಿ ತರಿಸಿಕೊಂಡ ನೀರು ಹೀಗೆ ಸುತ್ತು ಬಳಸಿ ಅದೇ ನದಿಗೆ ಮರಳುತ್ತದೆ. ಯಾವ ಸ್ಥಿತಿಯಲ್ಲಿ ಮರಳುತ್ತದೆ ಎಂಬುದನ್ನು ನೆನೆದರೆ ನನಗೆ ಹೊಟ್ಟೆಯುರಿಯುತ್ತದೆ.

ಮೈಸೂರಿನ ಕಡೆ ಹೋಗುವ ಸೈಕಲ್ ಸವಾರರಿಗೆ ಹಿಂದೆ ಬಿಡದಿ, ಮದ್ದೂರಿನ ದಾರಿಯೇ ರೂಢಿ. 2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ನನಗಂತೂ ಕೊಳವೆ ಇರುವ ದಾರಿಯೇ ಬೇಕಿತ್ತು. ಬನಶಂಕರಿ ದಾಟಿ, 2021ರಿಂದ ಮೆಟ್ರೊ ಓಡುತ್ತಿರುವ ರೇಷ್ಮೆ ಸಂಸ್ಥೆಯವರೆಗೆ, ತಲೆಯ ಮೇಲೆ ಕಾಂಕ್ರೀಟಿನ ಚಾವಣಿ. ಆರು ಗಂಟೆಗೇ ನೀರಿನ ಟ್ಯಾಂಕರುಗಳು ಸಾಲಾಗಿ ಓಡುತ್ತಿದ್ದವು, ತುಳುಕಿದ ನೀರು ರಸ್ತೆಯ ಎಡಬದಿಯಲ್ಲಿ ಗೆರೆ ಎಳೆದಿತ್ತು. ನೂರು ಕಿಲೋಮೀಟರಿನಿಂದ ಬರುವ ಕೊಳವೆಯ ಪಕ್ಕದಲ್ಲೇ ಇರುವ ಬಡಾವಣೆಗಳು ಟ್ಯಾಂಕರಿಗೆ ಕಾಯುತ್ತವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಈ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಸ್ನಾನದ ನೀರಿಗೂ ಲೆಕ್ಕ ಹಾಕಿದ್ದನ್ನು ನನ್ನ ಸ್ನೇಹಿತೆಯರ ಮನೆಗಳಲ್ಲೇ ಕಂಡಿದ್ದೇನೆ.

ನೈಸ್ ರಸ್ತೆ ದಾಟಿದ ಮೇಲೆ ಗಾಳಿ ತಣ್ಣಗಾಯಿತು. ತಾತಗುಣಿ, ಕಗ್ಗಲೀಪುರ. ಏರಿಳಿತದ ದಾರಿ, ಆದರೆ ಒಟ್ಟಿನಲ್ಲಿ ಇಳಿಜಾರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂಬುದು ಪುಸ್ತಕದ ಮಾತು. ಕನಕಪುರ ರಸ್ತೆಯಲ್ಲಿ ಬ್ರೇಕು ಹಿಡಿದ ಬೆರಳುಗಳಿಗೆ ಅದು ಅರ್ಥವಾಗುತ್ತದೆ. ನಾನು ತುಳಿಯದೆ ಜಾರುತ್ತಿದ್ದ ಪ್ರತಿ ಇಳಿಜಾರಿನಲ್ಲೂ ಪಕ್ಕದ ನೆಲದೊಳಗೆ ನೀರು ಮೇಲೇರುತ್ತಿತ್ತು. ಹಾರೋಹಳ್ಳಿಯ ಪಂಪುಮನೆಯ ಬೇಲಿಯಾಚೆ ನಿಂತು ಸ್ವಲ್ಪ ಹೊತ್ತು ಅದರ ಮೊರೆತ ಕೇಳಿದೆ. ಹಗಲೂ ರಾತ್ರಿ ನಿಲ್ಲದ ಕೆಲಸ. ಅಲ್ಲಿ ದುಡಿಯುವವರ ನೆನಪು ನಲ್ಲಿ ತಿರುಗಿಸುವ ನಮಗೆ ಬರುವುದು ನೀರು ನಿಂತ ದಿನ ಮಾತ್ರ.

ಕನಕಪುರದ ಹತ್ತಿರ ಹಿಪ್ಪುನೇರಳೆ ತೋಟಗಳು ಶುರುವಾದವು. ಮನೆಗಳ ಗೋಡೆಗೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿದ್ದರು. ಅರ್ಕಾವತಿಯ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿದೆ. ಕಾವೇರಿಗೂ ಮೊದಲು ಬೆಂಗಳೂರು ಕುಡಿದದ್ದು ಈ ನದಿಯನ್ನು: 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ. ನಂದಿಬೆಟ್ಟದ ಕಡೆಯಿಂದ ಬರುವ ಈ ಹೊಳೆ ನಮ್ಮ ಮೂರು ತಲೆಮಾರಿಗೆ ನೀರು ಕೊಟ್ಟಿತು. ಸೇತುವೆಯ ಕೆಳಗೆ ಹರಿಯುತ್ತಿದ್ದದ್ದರ ಬಣ್ಣ ಕಪ್ಪು.

ಶುಕ್ರವಾರ, ಮಳವಳ್ಳಿ

ಬೆಳಿಗ್ಗೆ ತೊಡೆಗಳು ಬಿಗಿದಿದ್ದವು. ಮೊದಲ ಒಂದು ಗಂಟೆ ಹಗುರ ಗೇರಿನಲ್ಲಿ ತುಳಿದೆ, ಆಮೇಲೆ ಸಡಿಲವಾದವು.

ಸಾತನೂರಿನ ನಂತರ ರಸ್ತೆಯೇ ಕಣ. ರೈತರು ರಾಗಿಯ ಹುಲ್ಲನ್ನೂ ಹುರುಳಿಯ ಬಳ್ಳಿಯನ್ನೂ ಡಾಂಬರಿನ ಮೇಲೆ ಹರಡಿ, ಹೋಗಿಬರುವ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಇದರ ಮೇಲೆ ಎಷ್ಟೇ ಎಚ್ಚರದಿಂದ ಹೋದರೂ ಹುರುಳಿ ಬಳ್ಳಿ ಫ್ರೀವ್ಹೀಲಿಗೆ ಸುತ್ತಿಕೊಳ್ಳುತ್ತದೆ. ಇಳಿದು, ಚಾಕುವಿನಿಂದ ಕತ್ತರಿಸಿ, ಎಳೆಎಳೆಯಾಗಿ ಬಿಡಿಸಬೇಕು. ಕೂಲಿಯಾಳು ಸಿಗದ, ಕಣ ಮಾಡಲು ಜಾಗವಿಲ್ಲದ ಸಣ್ಣ ಹಿಡುವಳಿಯವರ ಕಷ್ಟ ಅದು. ಆದರೂ ಕತ್ತಲಲ್ಲಿ ಬೈಕಿನವರು ಇದರ ಮೇಲೆ ಜಾರಿ ಬೀಳುತ್ತಾರೆ. ಊರಿಗೊಂದು ಸಿಮೆಂಟಿನ ಕಣ ಕಟ್ಟಿಸಿದರೆ ಇಬ್ಬರಿಗೂ ಒಳಿತು. ಬಳ್ಳಿ ಬಿಡಿಸುತ್ತ ಕುಳಿತಿದ್ದಾಗ ಹೊಲದಿಂದ ಬಂದ ಹೆಂಗಸೊಬ್ಬರು ತಾವೂ ಕುಳಿತು ಸಹಾಯ ಮಾಡಿದರು. "ಒಬ್ಬರೇ ಹೊರಟಿದ್ದೀರಾ ಅಕ್ಕಾ? ಮನೆಯಲ್ಲಿ ಯಾರಿದ್ದಾರೆ?" ಎಂದು ವಿಚಾರಿಸಿದರು. ಬೆಂಗಳೂರಿನ ನೀರಿನ ಕೊಳವೆ ಹಿಡಿದು ಬಂದೆ ಎಂದಾಗ, "ನಮ್ಮ ಹೊಲದ ಅಂಚಿನಲ್ಲೇ ಹೋಗುತ್ತದಲ್ಲ ಅದು. ನಮಗೆ ಬೋರಿನದೇ ನೀರು" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತೇನೋ.

ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣ ಘಟಕದ ಗೇಟಿನವರೆಗೆ ಹೋದೆ. ಒಳಗೆ ಅನುಮತಿ ಇಲ್ಲ, ಅದು ಸರಿಯಾದ ನಿಯಮವೇ. ಇಲ್ಲಿಗೆ ನೀರು ಬರುವುದು ಶಿವ ಅಣೆಕಟ್ಟೆಯಿಂದ ನೆಟ್ಕಲ್ಲಿನ ಜಲಾಶಯಕ್ಕೆ ಹರಿದು. ಬೆಂಗಳೂರಿನ ಕಡೆಗೆ ಅದರ ಮೊದಲ ಏರು ಈ ಗೇಟಿನಾಚೆ ಶುರುವಾಗುತ್ತದೆ. ಎರಡು ದಿನ ನಾನು ಇಳಿದು ಬಂದದ್ದನ್ನೆಲ್ಲ ಅದು ಏರಬೇಕು. ರಾತ್ರಿ ಮಳವಳ್ಳಿಯ ಲಾಡ್ಜಿನಲ್ಲಿ ಕೈಕಾಲು ತೊಳೆಯುವಾಗ ನಲ್ಲಿಯನ್ನು ಪೂರ್ತಿ ತಿರುಗಿಸಲು ಮನಸ್ಸಾಗಲಿಲ್ಲ.

ಶನಿವಾರ, ಶಿವನಸಮುದ್ರ ಮತ್ತು ತಲಕಾಡು

ಹೊಗೇನಕಲ್ಲಿನಲ್ಲಿ ಬಿಟ್ಟ ನದಿ ಮತ್ತೆ ಸಿಕ್ಕಿದ್ದು ಗಗನಚುಕ್ಕಿಯ ಎದುರು. ಮಳೆಗಾಲದ ಅಬ್ಬರ ಇರಲಿಲ್ಲ. ಬಂಡೆಗಳ ನಡುವೆ ನಾಲ್ಕಾರು ಬಿಳಿಯ ಧಾರೆಗಳು ಮಾತ್ರ. ನೀರಿನ ದೊಡ್ಡ ಪಾಲು ಮೇಲೆಯೇ ಕಾಲುವೆಗೆ ತಿರುಗಿ ವಿದ್ಯುದಾಗಾರಕ್ಕೆ ಹೋಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ. 1902ರಲ್ಲಿ ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಬೆಳಕು ಇಲ್ಲಿಂದ, ಎಪ್ಪತ್ತು ವರ್ಷಗಳ ನಂತರ ನೀರೂ ಇದೇ ತಿರುವಿನಿಂದ. ಬೆಂಗಳೂರಿನ ಚರಿತ್ರೆಯನ್ನು ಕೆಂಪೇಗೌಡರ ಗೋಪುರಗಳಿಂದ ಶುರು ಮಾಡುವಂತೆ ಈ ಜಲಪಾತದ ಎದುರಿಗೂ ಮಕ್ಕಳನ್ನು ಕರೆತಂದು ನಿಲ್ಲಿಸಿ ಹೇಳಬೇಕು.

ಅಲ್ಲಿಂದ ಕಬ್ಬು, ಭತ್ತದ ನಡುವಿನ ಹಳ್ಳಿ ರಸ್ತೆಗಳು. ಬೆಲ್ಲದ ವಾಸನೆ ಮೂಗಿಗೆ ಬಡಿದ ಕಡೆ ಆಲೆಮನೆ ಇದ್ದೇ ಇರುತ್ತದೆ. ಒಂದು ಕಡೆ ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯ ಮೇಲೆ ಹಾಕಿ ಕೈಗಿತ್ತರು, ಹಣ ಮುಟ್ಟಲಿಲ್ಲ. ತಲಕಾಡಿನ ಮರಳಿನಲ್ಲಿ ಸೈಕಲ್ ತುಳಿಯುವುದಂತೂ ಆಗದು. ಸವಾರಿಯನ್ನು ದಿಬ್ಬಗಳ ಈಚೆಗೇ ನಿಲ್ಲಿಸಿ ಬರಿಗಾಲಲ್ಲಿ ನಡೆದೆ. ಗಂಗರ ರಾಜಧಾನಿ ಇಷ್ಟು ಮರಳಿನ ಕೆಳಗೆ ಹೇಗೆ ಹೋಯಿತು ಎಂಬುದಕ್ಕೆ ಅಲಮೇಲಮ್ಮನ ಶಾಪದ ಕಥೆ ನಮಗೆಲ್ಲ ಬಾಯಿಪಾಠ. ನದಿಯ ತಿರುವು, ಬೀಸುವ ಗಾಳಿ, ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಕಟ್ಟೆ ಎಂದು ವಿದ್ವಾಂಸರು ಬೇರೆ ಕಾರಣಗಳನ್ನು ಕೊಡುತ್ತಾರೆ. ಕಾರಣ ಯಾವುದೇ ಇರಲಿ, ಹೊಳೆಯ ದಂಡೆಯಲ್ಲಿ ಕಟ್ಟಿದ ಊರು ಹೊಳೆಯ ಮಾತಿಗೆ ಕಿವಿಗೊಡಬೇಕು ಎನ್ನುವುದು ವೈದ್ಯೇಶ್ವರನ ಗುಡಿಯ ಸುತ್ತ ನಿಂತಾಗ ಕಾಲಿಗೇ ತಾಗುತ್ತದೆ.

ಭಾನುವಾರ, ಶ್ರೀರಂಗಪಟ್ಟಣದವರೆಗೆ

ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಗುಂಜಾ ನರಸಿಂಹನ ಗುಡಿಯ ಮೆಟ್ಟಿಲುಗಳಲ್ಲಿ ಭಾನುವಾರದ ಜನ. ಬೇಗ ಹೊರಟು ಸೋಮನಾಥಪುರಕ್ಕೆ ಬಂದೆ. ಹೊಯ್ಸಳರ ಈ ಕೇಶವ ಗುಡಿ ಬೇಲೂರು, ಹಳೆಬೀಡುಗಳೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಒಳಗೆ ಚಾವಣಿಯ ಬಾಳೆಮೊಗ್ಗುಗಳನ್ನು ನೋಡುತ್ತ ಕತ್ತು ನೋಯುವಷ್ಟು ಹೊತ್ತು ಕಳೆದೆ. ಸೈಕಲ್ ಮೇಲೆ ಬಗ್ಗಿಯೇ ಇದ್ದ ಕತ್ತಿಗೆ ಅದು ಒಳ್ಳೆಯದನ್ನೇ ಮಾಡಿತು. ಬನ್ನೂರು, ಅರಕೆರೆಯ ಮೇಲೆ ಶ್ರೀರಂಗಪಟ್ಟಣ ತಲುಪಿದಾಗ ಸಂಜೆ. ಬೇಸಿಗೆಯಲ್ಲಿ ತಿರುಚಿರಾಪಳ್ಳಿಯ ಬಳಿ ದ್ವೀಪದಲ್ಲಿ ಮಲಗಿದ ರಂಗನಾಥನನ್ನು ಕಂಡಿದ್ದೆ. ಆದಿರಂಗನ ದರ್ಶನ ಈಗ ಆಯಿತು.

ಸೋಮವಾರ, ಕೃಷ್ಣರಾಜನಗರ

ಕನ್ನಂಬಾಡಿ ಕಟ್ಟೆಯ ಕೆಳಗಿನಿಂದ ಅಮ್ಮನಿಗೆ ಫೋನ್ ಮಾಡಿದೆ. ನಾನು ಹೇಳುವ ಮೊದಲೇ ಅವಳೇ ಆ ದಿನದ ಮಟ್ಟ ಹೇಳಿದಳು. ತುಂಬಿದಾಗ 124.80 ಅಡಿ. ಮಂಡ್ಯದ ರೈತನಿಗೂ ಬೆಂಗಳೂರಿನ ಗೃಹಿಣಿಗೂ ಮೆಟ್ಟೂರಿನ ಆಚೆಯ ತಂಜಾವೂರಿನ ಗದ್ದೆಯವನಿಗೂ ಒಂದೇ ಅಂಕಿ ನಿದ್ದೆ ಕೊಡುತ್ತದೆ ಅಥವಾ ಕೆಡಿಸುತ್ತದೆ. ಆ ಗದ್ದೆಗಳನ್ನೂ ಬೇಸಿಗೆಯಲ್ಲಿ ನೋಡಿ ಬಂದಿದ್ದರಿಂದ, ನೀರಿನ ವಿಷಯದಲ್ಲಿ ಯಾರೊಬ್ಬರ ಪರ ಘೋಷಣೆ ಕೂಗುವುದು ಇನ್ನು ನನ್ನಿಂದಾಗದು.

ಸಾಗರಕಟ್ಟೆಯ ಸೇತುವೆಯ ಮೇಲೆ ಹಿನ್ನೀರು ಎರಡೂ ಕಡೆ ಕಣ್ಣಿಗೆಟುಕುವಷ್ಟು ದೂರ ಹರಡಿತ್ತು. ಮೂಡಣ ಗಾಳಿ ಬೆನ್ನಿಗೆ ಬೀಸುತ್ತಿತ್ತು. ಮುಂಗಾರಿನಲ್ಲಿ ಹೊರಟಿದ್ದರೆ ಪಡುವಣ ಗಾಳಿ ಎದೆಗೆ ಹೊಡೆದು, ಇದೇ ದೂರ ಎರಡು ಪಟ್ಟು ದಣಿವು ತರುತ್ತಿತ್ತು. ಮನೆಯಲ್ಲಿ ಕಾದದ್ದು ಪಯಣಕ್ಕೂ ಒಳ್ಳೆಯದೇ ಆಯಿತು.

ಮಂಗಳವಾರ, ಕುಶಾಲನಗರ

ಚುಂಚನಕಟ್ಟೆಯಲ್ಲಿ ಕೋದಂಡರಾಮನ ಗುಡಿಯ ಪಕ್ಕ ನದಿ ಎರಡಾಗಿ ಧುಮುಕುವುದನ್ನು ನೋಡಿ, ರಾಮನಾಥಪುರಕ್ಕೆ ಬಂದೆ. ಷಷ್ಠಿಯ ಜಾತ್ರೆಗೆಂದು ಸುಬ್ರಹ್ಮಣ್ಯನ ಗುಡಿಯ ಬೀದಿಯಲ್ಲಿ ಅಂಗಡಿಗಳು ಏಳುತ್ತಿದ್ದವು. ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಇಲ್ಲಿ ಯಾರೂ ಗಾಳ ಹಾಕುವುದಿಲ್ಲ. ತೋಳುದ್ದದ ಮೀನುಗಳು ಮೆಟ್ಟಿಲಿನವರೆಗೆ ಬಂದು ಕಡಲೆಪುರಿಗೆ ಬಾಯಿ ತೆರೆದವು. ಮಾರುಕಟ್ಟೆಗೆ ತಂಬಾಕಿನ ಬೇಲುಗಳನ್ನು ಹೇರಿಕೊಂಡ ಗಾಡಿಗಳು ಸಾಲುಗಟ್ಟಿದ್ದವು. ಕೊಣನೂರಿನ ದಾರಿಯುದ್ದಕ್ಕೂ ಎಲೆ ಹದ ಮಾಡುವ ಬ್ಯಾರನ್‌ಗಳು, ಅವುಗಳ ಪಕ್ಕದಲ್ಲಿ ಸೌದೆಯ ರಾಶಿಗಳು. ಶಿರಂಗಾಲದಲ್ಲಿ ಕೊಡಗಿನ ಗಡಿ. ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುವುದನ್ನು ಸೇತುವೆಯಿಂದ ನೋಡಿದೆ. ಇಲ್ಲಿಂದ ಮೇಲಿನ ಕಾವೇರಿ ಬೇರೆಯೇ: ಬಂಡೆ, ಬಿದಿರು, ತಣ್ಣನೆಯ ನೆರಳು.

ಬುಧವಾರ, ಮಡಿಕೇರಿ

ಗುಡ್ಡೆಹೊಸೂರಿನಲ್ಲಿ ಚಹಾ ಕೊಟ್ಟವರು, "ಆನೆಕಾಡನ್ನು ಬಿಸಿಲೇರಿದ ಮೇಲೆ ದಾಟಿ, ಬಸ್ಸೋ ಲಾರಿಯೋ ಹೋಗುವಾಗ ಅದರ ಹಿಂದೆಯೇ ಹೋಗಿ" ಎಂದರು. ಹಾಗೆಯೇ ಮಾಡಿದೆ. ಸೈಕಲ್ಲಿಗೆ ಸದ್ದಿಲ್ಲ, ಆನೆಗೆ ನಾವು ಬರುವುದು ತಿಳಿಯುವುದಿಲ್ಲ ಎಂಬುದೇ ಅಪಾಯ. ತಿರುವುಗಳಲ್ಲಿ ಗಂಟೆ ಬಾರಿಸುತ್ತ ಹೋದೆ. ಸುಂಟಿಕೊಪ್ಪದಿಂದ ಏರು. ಸಣ್ಣ ಗೇರಿಗೆ ಹಾಕಿ, ಮುಂದಿನ ಮೈಲಿಗಲ್ಲಿನ ಆಚೆ ಏನನ್ನೂ ಯೋಚಿಸದೆ ತುಳಿದೆ. ಎರಡೂ ಬದಿಯ ತೋಟಗಳಲ್ಲಿ ಅರೇಬಿಕಾ ಹಣ್ಣು ಕೀಳುತ್ತಿದ್ದರು, ಕಣಗಳಲ್ಲಿ ಹರಡಿದ ಕಾಫಿಯ ಹುಳಿವಾಸನೆ ಗಾಳಿಯಲ್ಲಿತ್ತು. ನದಿ ಇಲ್ಲಿಲ್ಲ, ಅದು ದಕ್ಷಿಣಕ್ಕೆ ದುಬಾರೆ, ಸಿದ್ದಾಪುರದ ಕಡೆ ಸುತ್ತಿಕೊಂಡಿದೆ. ಆ ಕಡೆಯ ತೋಟದ ದಾರಿಗಳಲ್ಲಿ ಆನೆಗಳ ಓಡಾಟ ಹೆಚ್ಚು, ಒಬ್ಬಳೇ ಹೋಗುವ ದಾರಿ ಅಲ್ಲ. ಮಡಿಕೇರಿಯಲ್ಲಿ ಕಡಂಬುಟ್ಟು ತಿಂದು ಎಂಟಕ್ಕೇ ಮಲಗಿದೆ.

ಗುರುವಾರ, ತಲಕಾವೇರಿ

ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ. ಏರಿದ್ದನ್ನೆಲ್ಲ ಇಳಿದು, ಇಳಿದದ್ದನ್ನು ಮತ್ತೆ ಏರುವ ದಾರಿ. ಭಾಗಮಂಡಲದಲ್ಲಿ ಕನ್ನಿಕೆ ಸೇರುವ ಕೂಡಲಿನಲ್ಲಿ ಕಾವೇರಿಯನ್ನು ನೋಡಿ ನಿಂತುಬಿಟ್ಟೆ. ಮೊಣಕಾಲುದ್ದದ ನೀರು. ಶ್ರೀರಂಗದಲ್ಲಿ ಇದರ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಸೇತುವೆಯ ಮೇಲೆ ಬಹಳ ಹೊತ್ತು ತುಳಿದಿದ್ದೆ.

ಕೊನೆಯ ಎಂಟು ಕಿಲೋಮೀಟರ್ ಇಡೀ ಪಯಣದ ಅತಿ ಕಡಿದಾದ ತುಂಡು. ಕೆಲವು ತಿರುವುಗಳಲ್ಲಿ ಮುಂದಿನ ಚಕ್ರ ನೆಲಬಿಟ್ಟು ಏಳುತ್ತದೆ, ಎದೆಯನ್ನು ಹ್ಯಾಂಡಲಿಗೆ ತಾಗಿಸಿ ತುಳಿಯಬೇಕು. ಎರಡು ಕಡೆ ಇಳಿದು ತಳ್ಳಿದೆ. ದೂರಪಯಣದಲ್ಲಿ ತಳ್ಳುವುದೂ ಸವಾರಿಯ ಭಾಗವೇ. ಮೇಲೆ ಹೋದಂತೆ 2020ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡದ ಮೈ ಕಾಣುತ್ತದೆ. ತಲಕಾವೇರಿಯ ಅರ್ಚಕರ ಮನೆಯನ್ನು ಆ ರಾತ್ರಿ ಮಣ್ಣು ನುಂಗಿತು. ಗಾಯದ ಮೇಲೆ ಹಸಿರು ಹಬ್ಬಿದೆ. ಇಂಥ ಗುಡ್ಡಗಳನ್ನು ಅಗೆಯುವಾಗ, ಕಡಿಯುವಾಗ, ಕೆಳಗೆ ಕರ್ನಾಟಕ, ತಮಿಳುನಾಡು, ಪುದುಚೇರಿಗಳ ಜನ ನೀರಿಗೆ ಕಾದಿದ್ದಾರೆ ಎಂಬುದನ್ನು ನೆನೆಯಲೇಬೇಕು.

ಸುಮಾರು 1,270 ಮೀಟರ್ ಎತ್ತರ. ಸೈಕಲ್ಲನ್ನು ದ್ವಾರದ ಹೊರಗೆ ನಿಲ್ಲಿಸಿ, ಶೂ ಬಿಚ್ಚಿ ಒಳಗೆ ಹೋದೆ. ಬ್ರಹ್ಮಕುಂಡಿಕೆಯ ಮುಂದೆ ತುಲಾ ಸಂಕ್ರಮಣದ ನೂಕುನುಗ್ಗಲು ಮುಗಿದು ವಾರಗಳಾಗಿದ್ದವು. ಕುಟುಂಬವೊಂದು ತಾಮ್ರದ ಬಿಂದಿಗೆಗಳಲ್ಲಿ ತೀರ್ಥ ತುಂಬಿಸಿಕೊಳ್ಳುತ್ತಿತ್ತು. ಅವರು ಬೆಂಗಳೂರಿನ ಕೆಂಗೇರಿಯವರು. ನಾನು ಬಂದ ಬಗೆ ಕೇಳಿ ಆ ಮನೆಯ ಅಜ್ಜಿ ನನ್ನ ಅಂಗೈಗೂ ಒಂದು ಉದ್ಧರಣೆ ತೀರ್ಥ ಹಾಕಿ, "ನಿಮ್ಮ ತಾಯಿಗೂ ಒಯ್ಯಿರಿ" ಎಂದು ಸಣ್ಣ ಸೀಸೆಯೊಂದನ್ನು ತುಂಬಿಸಿ ಕೊಟ್ಟರು. ಅದನ್ನು ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲ್ ಚೀಲದಲ್ಲಿಟ್ಟೆ.

ಇಳಿಯುವ ಮೊದಲು ಬ್ರೇಕಿನ ರಬ್ಬರ್ ನೋಡಿಕೊಂಡೆ, ಹೊಸದು ಆಗಲೇ ಅರ್ಧ ಸವೆದಿತ್ತು. ಭಾಗಮಂಡಲದಿಂದ ಮಡಿಕೇರಿಗೆ, ಅಲ್ಲಿಂದ ಬೆಂಗಳೂರಿಗೆ ಬಸ್ಸು. ಸೈಕಲ್ಲಿಗೆ ಲಗೇಜು ಚೀಟಿ ಮಾಡಿಸಬೇಕು. ಹೊಗೇನಕಲ್ಲಿನಿಂದ ಮೇಕೆದಾಟಿನವರೆಗಿನ ಕಾಡಿನ ತುಂಡು ಇನ್ನೂ ಬಾಕಿ ಇದೆ. ಅದನ್ನು ನಡೆದು ಮುಗಿಸಲು ಅನುಮತಿ ಕೇಳಿ ಅರಣ್ಯ ಇಲಾಖೆಗೆ ಬರೆಯಬೇಕಾದ ಅರ್ಜಿಯ ಮೊದಲ ಸಾಲುಗಳನ್ನು ಬಸ್ಸಿನಲ್ಲೇ ಬರೆದೆ.